ರೊಪ್ಪದ ಬಾವಿ ಮತ್ತು ಹನ್ನೊಂದು ನೀಹಾರಿಕೆಗಳು

ಕುರಿ ಸಾಕುವ ಜುಂಜಣ್ಣ ಆ ದಿನ ಪ್ರಯೋಗಾಲಯದ ನನ್ನ ಮೇಜಿನ ಮೇಲೆ ತನ್ನ ಬಾವಿಯ ನೀರಿನ ಬಾಟಲಿ ಇಟ್ಟು ಏನು ಹೇಳಿದ ಎಂಬುದು ನನಗೆ ಖಚಿತವಾಗಿ ಗೊತ್ತಿಲ್ಲ. ‘ಕುರಿಗೆ’ ಎಂದ ಎಂದೇ ಇಷ್ಟು ವರ್ಷ ನಂಬಿಕೊಂಡು ಬಂದಿದ್ದೇನೆ. ಆ ಬಾವಿಯ ನೀರು ಕುರಿಗೆ ಆಗುತ್ತದೋ ಇಲ್ಲವೋ ನೋಡಿ ಎಂದು ಕೇಳಿದ, ನಾನು ಕುರಿಯ ಲೆಕ್ಕದಲ್ಲೇ ಉತ್ತರ ಕೊಟ್ಟೆ. ಹೀಗೆ ನಂಬಿದರೆ ಆಮೇಲೆ ನಡೆದದ್ದರಲ್ಲಿ ನನ್ನ ಪಾಲು ಅರ್ಧಕ್ಕಿಂತ ಕಡಿಮೆಯಾಗುತ್ತದೆ. ನಂಬಿಕೆಯಿಂದ ಇಷ್ಟು ಅನುಕೂಲ ಆಗುತ್ತಿದ್ದರೆ ಅದನ್ನು ಅನುಮಾನಿಸಬೇಕು ಎಂದು ವಿಶ್ವವಿದ್ಯಾಲಯದಲ್ಲಿ ಕಲಿಸಿದ್ದರು. ಕಲಿತದ್ದನ್ನು ನನ್ನ ಮೇಲೆ ಪ್ರಯೋಗಿಸಲು ಬಹಳ ವರ್ಷ ಹಿಡಿಯಿತು.

ಕಳೆದ ಮುಂಗಾರಿನಲ್ಲಿ ಚಿತ್ರದುರ್ಗದಿಂದ ಹಿರಿಯೂರಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಸಂಬಂಧಿಕರ ಹೊಸ ಮನೆಯ ಒಕ್ಕಲು ಇತ್ತು. ಊರು ಇನ್ನೂ ಸ್ವಲ್ಪ ದೂರ ಇರುವಾಗ ಟೈರು ಪಂಚರ್ ಆಗಿ ಬಸ್ಸು ನಿಂತಿತು. ಎಲ್ಲರೂ ಇಳಿದೆವು. ಹಿಂದಿನ ದಿನ ಮಳೆ ಬಿದ್ದಿತ್ತು. ರಸ್ತೆ ಬದಿಯ ಹೊಲದಲ್ಲಿ ಯಾರೋ ಕುರಿ ಮಂದೆ ನಿಲ್ಲಿಸಿ, ಬೆಳಿಗ್ಗೆ ಹೊಡೆದುಕೊಂಡು ಹೋಗಿದ್ದರು. ನೆನೆದ ಹಿಕ್ಕೆ, ಉಚ್ಚೆ, ಒದ್ದೆ ಉಣ್ಣೆ ಸೇರಿದ ವಾಸನೆ ಗಾಳಿಯ ಜೊತೆ ಬಂದು ಮೂಗಿನೊಳಗೆ ಚುರ್ರೆಂದಿತು. ಪಕ್ಕದಲ್ಲಿ ಬೀಡಿ ಸೇದುತ್ತಿದ್ದವರು, ‘ಒಳ್ಳೆ ಗೊಬ್ಬರ ಬಿದ್ದೈತೆ ಸಾರ್, ಈ ವರ್ಷ ಈ ಹೊಲ ಎದ್ದು ಕುಂತ್ಕಂತೈತೆ’ ಎಂದರು. ನನಗೆ ಆ ವಾಸನೆಯಲ್ಲಿ ಒಂದು ಬಾವಿ ನೆನಪಾಗಿತ್ತು.

ಕೊರೊನಾ ಬರುವ ಹಿಂದಿನ ವರ್ಷ ಅದು. ಬೆಂಗಳೂರಿನಲ್ಲಿ ಖಗೋಳವಿಜ್ಞಾನದ ನನ್ನ ಸಂಶೋಧನೆಯ ಅವಧಿ ಮುಗಿದಿತ್ತು. ಡಾಕ್ಟರೇಟ್ ಪ್ರಬಂಧ ಸಲ್ಲಿಸಿದ್ದೆ, ಪರೀಕ್ಷಕರೊಬ್ಬರು ಆಕ್ಷೇಪ ಎತ್ತಿ ವಾಪಸ್ ಕಳಿಸಿದ್ದರು. ತಿದ್ದಿ ಕೊಡಲು ಒಂದು ವರ್ಷ ಸಮಯ. ನನ್ನೂರು ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿ. ಅಲ್ಲಿಗೆ ಹೋದರೆ ರೈಲು ಇಳಿಯುತ್ತಿದ್ದಂತೆ ಸ್ಟೇಷನ್ನಿನಲ್ಲೇ ಯಾರಾದರೂ, ‘ಏನಪ್ಪ, ಡಾಕ್ಟ್ರು ಆದ್ಯಾ ಇನ್ನೂ ಇಲ್ಲೋ’ ಎಂದು ಹಿಡಿದುಕೊಳ್ಳುತ್ತಿದ್ದರು. ಅದನ್ನು ತಪ್ಪಿಸಿಕೊಳ್ಳಲು ಹಿರಿಯೂರಿನ ಒಂದು ಖಾಸಗಿ ಮಣ್ಣು ನೀರು ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದೆ. ಗೊಬ್ಬರದ ಅಂಗಡಿಯ ಮಹಡಿಯ ಮೇಲೆ ಎರಡು ಕೋಣೆ. ಡಿಗ್ರಿಯಲ್ಲಿ ರಸಾಯನಶಾಸ್ತ್ರ ಓದಿದ್ದು ಉಪಯೋಗಕ್ಕೆ ಬಂತು. ಬೆಳಿಗ್ಗೆಯಿಂದ ಸಂಜೆವರೆಗೆ ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಕಡೆಯ ಮಣ್ಣು ನೀರು ಅಳೆಯುವುದು, ಕೆಲಸ ಇಲ್ಲದ ಹೊತ್ತಿನಲ್ಲಿ ಅದೇ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಪರೀಕ್ಷಕರಿಗೆ ಉತ್ತರ ಬರೆಯುವುದು.

ಅಲ್ಲಿ ನನ್ನ ಜೊತೆ ಇದ್ದವರು ನಾಗರತ್ನಕ್ಕ ಒಬ್ಬರೇ. ಬಬ್ಬೂರಿನವರು. ಚಿಕ್ಕಂದಿನಲ್ಲಿ ತಾಯಿಯ ಜೊತೆ ಕೂಲಿಗೆ ಹೋಗುತ್ತ ಪಿಯುಸಿ ಮುಗಿಸಿದವರು. ಬಾಟಲಿ ತೊಳೆಯುವುದರಿಂದ ಹಿಡಿದು ರಿಪೋರ್ಟ್ ಬರೆಯುವವರೆಗೆ ಅವರಿಗೆ ಬರದ ಕೆಲಸ ಇರಲಿಲ್ಲ. ನನ್ನ ಪ್ರಬಂಧದ ಮೇಲೆ ಅವರಿಗೆ ಒಂದು ಕಣ್ಣು.

‘ಅದೇನ್ ಸಾರ್, ಸತ್ತ ನಕ್ಷತ್ರದ ಹೊಗೆ ನೋಡ್ಕಂತ ಐದು ವರ್ಷ ಕುಂತಿದ್ರಾ?’

‘ಹೊಗೆ ಅಲ್ಲಕ್ಕ, ಅನಿಲ.’

‘ಆಯ್ತು, ಗ್ಯಾಸು. ಅದ್ರಾಗೆ ಏನ್ ಸಿಗ್ತು?’

ಅವರಿಗೆ ಹೇಳಿದಷ್ಟನ್ನೇ ಇಲ್ಲಿ ಹೇಳುತ್ತೇನೆ. ನಮ್ಮ ಸೂರ್ಯನಂಥ ನಕ್ಷತ್ರ ಮುದಿಯಾದಾಗ ತನ್ನ ಹೊರಪದರಗಳನ್ನು ಕಳಚಿ ಬಿಡುತ್ತದೆ. ಒಳಗೆ ಉಳಿದ ಬಿಸಿ ತಿರುಳು ಆ ಅನಿಲವನ್ನು ಬೆಳಗಿಸುತ್ತದೆ. ಇದಕ್ಕೆ ಗ್ರಹೀಯ ನೀಹಾರಿಕೆ ಎಂದು ಹೆಸರು. ಗ್ರಹಕ್ಕೂ ಅದಕ್ಕೂ ಸಂಬಂಧವಿಲ್ಲ, ಹಿಂದಿನವರ ದೂರದರ್ಶಕದಲ್ಲಿ ದುಂಡಗೆ ಕಂಡದ್ದರಿಂದ ಬಂದ ಹೆಸರು. ಬಣ್ಣಗಳಾಗಿ ಸೀಳಿ ನೋಡಿದರೆ ಅದರ ಬೆಳಕಿನ ದೊಡ್ಡ ಪಾಲು ಆಮ್ಲಜನಕದ ಒಂದೇ ಹಸಿರು ಗೆರೆಯಲ್ಲಿ ಬರುವುದರಿಂದ, ಬೇರೆ ಗೆಲಾಕ್ಸಿಯ ಕೋಟ್ಯಂತರ ನಕ್ಷತ್ರಗಳ ಮಸುಕಿನ ನಡುವೆಯೂ ಸಾಯುತ್ತಿರುವ ಒಂದನ್ನು ಬಿಡಿಸಿ ನೋಡಬಹುದು. ಗೆರೆಗಳ ಬಲ ಅಳೆದು ಅದರಲ್ಲಿ ಯಾವ ಧಾತು ಎಷ್ಟಿದೆ ಎಂದು ಹೇಳಬಹುದು. ಅದರಿಂದ, ಆ ನಕ್ಷತ್ರ ಹುಟ್ಟಿದ ಕಾಲಕ್ಕೆ ಆ ಗೆಲಾಕ್ಸಿಯ ಅನಿಲದಲ್ಲಿ ಎಷ್ಟು ಆಮ್ಲಜನಕ ಇತ್ತು ಎಂದೂ ಹೇಳಬಹುದು ಎಂಬುದು ನನ್ನ ವಾದ.

ಪರೀಕ್ಷಕರು ಹಿಡಿದದ್ದು ಕೊನೆಯ ವಾಕ್ಯವನ್ನು. ನಕ್ಷತ್ರ ಬರೀ ಹುಟ್ಟಿನಿಂದ ಬಂದದ್ದನ್ನು ಹೊರಗೆ ಬಿಡುವುದಿಲ್ಲ. ಬದುಕಿದ್ದಾಗ ತನ್ನೊಳಗೆ ಬೇಯಿಸಿದ್ದನ್ನೂ ಮೇಲಕ್ಕೆ ಎಳೆದು ಅದರ ಜೊತೆ ಸೇರಿಸುತ್ತದೆ. ಸಾರಜನಕವನ್ನಂತೂ ಧಾರಾಳವಾಗಿ, ಕೆಲವೊಮ್ಮೆ ಆಮ್ಲಜನಕವನ್ನೂ. ನಾನು ಅಳೆದದ್ದು ಒಂದು ಚಿಕ್ಕ ಗೆಲಾಕ್ಸಿ, ಭಾರದ ಧಾತುಗಳ ಮಟ್ಟಿಗೆ ಬಡ ಗೆಲಾಕ್ಸಿ. ಹುಟ್ಟುವಾಗಲೇ ಕಡಿಮೆ ಇದ್ದಲ್ಲಿ ಆಮೇಲೆ ಸೇರಿದ್ದೇ ಎದ್ದು ಕಾಣುತ್ತದೆ. ನನ್ನ ಪಟ್ಟಿಯಲ್ಲಿ ಸಾರಜನಕ ವಿಪರೀತ ಇದ್ದ ಹನ್ನೊಂದು ನೀಹಾರಿಕೆಗಳಿದ್ದವು. ‘ಇವು ತಮ್ಮಿಂದ ತಾವೇ ಕೆಟ್ಟಿವೆ, ಇವುಗಳಿಂದ ಮೂಲ ತಿಳಿಯುವುದಿಲ್ಲ’ ಎಂದು ಒಂದು ಸಾಲು ಬರೆದು ಹನ್ನೊಂದನ್ನೂ ಕೈಬಿಟ್ಟಿದ್ದೆ. ಕೈಬಿಟ್ಟ ಮೇಲೆ ನನ್ನ ಗ್ರಾಫಿನ ಗೆರೆ ನೆಟ್ಟಗೆ, ಚೆಂದವಾಗಿ ಬಂದಿತ್ತು. ಇವನ್ನು ಯಾವ ಅಧಿಕಾರದಿಂದ ತೆಗೆದಿರಿ ಎಂಬುದು ಪರೀಕ್ಷಕರ ಪ್ರಶ್ನೆ.

‘ಅಲ್ಲ ಸಾರ್,’ ನಾಗರತ್ನಕ್ಕ ಕೇಳಿದರು, ‘ನಿಮ್ಗೆ ಬ್ಯಾಡಾದ್ದು ಬಂದ್ರೆ ಕೆಟ್ಟಿದ್ದು, ಬೇಕಾದ್ದು ಬಂದ್ರೆ ಒಳ್ಳೇದು. ಹಂಗಾದ್ರೆ ಅಳಿಯಾದ್ಯಾಕೆ?’

ಈ ಮಾತು ಅವರು ಆಗಲೇ ಹೇಳಿದರೋ, ಎಲ್ಲ ಮುಗಿದ ಮೇಲೆ ನಾನು ಅವರ ಬಾಯಿಗೆ ಹಾಕಿದೆನೋ ಗೊತ್ತಿಲ್ಲ. ಅವರನ್ನು ಕೇಳಿದರೆ, ‘ಹೇಳಿರ್ತೀನಿ ತಗಳ್ರಿ, ನನ್ ಬಾಯಿ ಸುಮ್ಕಿರಾದಲ್ಲ’ ಎನ್ನುತ್ತಾರೆ.

ಜುಂಜಣ್ಣ ಮೊದಲು ಬಂದದ್ದು ಮುಂಗಾರಿನ ಆರಂಭದಲ್ಲಿ. ಹರಿಯಬ್ಬೆಯ ಆಚೆಗಿನ ಒಂದು ಹಟ್ಟಿಯವನು, ಕುರಿ ಸಾಕುವ ಮನೆತನ. ಐವತ್ತರ ಆಸುಪಾಸು, ಹೆಗಲ ಮೇಲೆ ಕರಿ ಕಂಬಳಿ. ಆ ಹಟ್ಟಿಯ ಮಕ್ಕಳ ಹಲ್ಲೆಲ್ಲ ಕಂದಾಗಿರುವುದು ನೀರಿನಿಂದ ಎಂದು ಯಾರೋ ಅಂದದ್ದು ಕೇಳಿ, ಕೊಳವೆ ಬಾವಿಯ ನೀರು ಹಿಡಿದುಕೊಂಡು ಬಂದಿದ್ದ. ಹೇಳಿ ಕಳಿಸದೆ ತಾನಾಗಿಯೇ ನೀರು ತಂದ ಮೊದಲ ಮನುಷ್ಯ ಎಂದು ನನಗೆ ಅವನ ಮೇಲೆ ಗೌರವ ಬಂತು. ಮಗಳು ಮಂಜುಳ ಚೊಚ್ಚಲ ಹೆರಿಗೆಗೆ ಬಂದಿದ್ದಾಳೆ, ಹುಟ್ಟುವ ಕೂಸಿಗಾದರೂ ಹಲ್ಲು ಬೆಳ್ಳಗೆ ಬರಲಿ ಎಂದ. ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿತ್ತು.

‘ಇದನ್ನ ಕುಡಿಯೋಕೆ ಬಳಸಬೇಡಿ ಜುಂಜಣ್ಣ. ಮಕ್ಕಳಿಗಂತೂ ಬೇಡವೇ ಬೇಡ.’

‘ಮತ್ತೇನ್ ಕುಡಿಯಾಣ ಸಾರ್, ಗಾಳಿ ಕುಡಿಯಾಣ?’

‘ಬೇರೆ ನೀರು ಇಲ್ಲವಾ?’

‘ನಮ್ಮ ತಾತ ತೋಡಿಸಿದ್ ಬಾವಿ ಐತೆ. ಬೋರು ಬಂದ್ಮ್ಯಾಲೆ ಯಾರೂ ಸೇದಲ್ಲ. ಎಳನೀರಿನಂಗೆ ಸಿಹಿ.’

‘ಅದರ ನೀರನ್ನೂ ತನ್ನಿ. ನೋಡಿ ಹೇಳ್ತೀನಿ.’

ಇಷ್ಟು ಚೆನ್ನಾಗಿ ನೆನಪಿದೆ. ಇಲ್ಲಿ ನಾನು ಮಾಡಿದ್ದೆಲ್ಲ ಸರಿ, ಅದಕ್ಕೇ ನೆನಪಿದೆಯೋ ಏನೋ.

ಎರಡನೆಯ ಸಲ, ‘ಕುರಿಗೆ’ ಎಂದ ಎಂದು ನಾನು ನಂಬಿರುವ ಆ ದಿನ, ಬಂದದ್ದು ಆಷಾಢದಲ್ಲಿ. ಆಷಾಢದಲ್ಲಿ ಹಿರಿಯೂರಿಗೆ ಬರುವುದು ಮಳೆಯಲ್ಲ, ಗಾಳಿ. ಕಿಟಕಿ ಮುಚ್ಚಿದರೂ ಮೇಜಿನ ಮೇಲೆ ಕೆಂಪು ದೂಳು ಕೂರುತ್ತಿತ್ತು, ತಕ್ಕಡಿಯ ಗಾಜಿನ ಪೆಟ್ಟಿಗೆಗೆ ಬಟ್ಟೆ ಹೊದಿಸಿ ತೂಕ ಮಾಡುತ್ತಿದ್ದೆವು. ಆ ಗಾಳಿಗೆ ತಲೆ ಕೆಟ್ಟಂತಾಗಿ ನಾನು ಯಾರ ಜೊತೆಯೂ ಸರಿಯಾಗಿ ಮಾತಾಡುತ್ತಿರಲಿಲ್ಲ. ಜುಂಜಣ್ಣ ತಂದದ್ದು ತಂಪು ಪಾನೀಯದ ಹಳೆಯ ಪ್ಲಾಸ್ಟಿಕ್ ಬಾಟಲಿ ಎಂದು ನನ್ನ ನೆನಪು. ನಾಗರತ್ನಕ್ಕ ನಮ್ಮ ಪ್ರಯೋಗಾಲಯದ್ದೇ ಬಾಟಲಿ ಎನ್ನುತ್ತಾರೆ, ಹೋದ ಸಲ ಅವರೇ ತೊಳೆದು ಕೊಟ್ಟಿದ್ದರಂತೆ. ಅವರು ಹೇಳುವುದು ನಿಜವಾದರೆ ಬಾಟಲಿ ಗಲೀಜಾಗಿತ್ತು ಎಂದು ದೂರಲು ನನಗೆ ಆಧಾರವೇ ಇಲ್ಲ.

ನೀರಿನಲ್ಲಿ ನೈಟ್ರೇಟ್, ಅಂದರೆ ಗೊಬ್ಬರ ಉಚ್ಚೆಗಳಿಂದ ಬರುವ ಸಾರಜನಕದ ಲವಣ, ಇದ್ದರೆ ನಾವು ಬಳಸುತ್ತಿದ್ದ ಆಮ್ಲದ ಜೊತೆ ಹಳದಿ ಬಣ್ಣ ಬರುತ್ತದೆ. ಹೆಚ್ಚಿದ್ದಷ್ಟೂ ಬಣ್ಣ ಗಾಢ. ಅದರಲ್ಲಿ ಬೆಳಕು ಹಾಯಿಸಿ ಅಳೆಯಬೇಕು. ನಕ್ಷತ್ರಕ್ಕಾದರೂ ಅಷ್ಟೇ, ಬೆಳಕು ಅಳೆಯುವುದೇ ಕೆಲಸ. ಜುಂಜಣ್ಣನ ನೀರು ಅರಿಸಿನ ಕದಡಿದಂತೆ ಆಯಿತು. ಉಪಕರಣದ ಅಳತೆಗೇ ಸಿಗಲಿಲ್ಲ. ನೀರನ್ನು ತೆಳು ಮಾಡಿ ಮತ್ತೆ ಅಳೆಯಬೇಕಾಗಿತ್ತು. ಅಳೆಯಲಿಲ್ಲ.

‘ಬಾವಿ ಎಲ್ಲಿದೆ ಜುಂಜಣ್ಣ?’

‘ಹಟ್ಟಿ ಹಿಂದೆ, ರೊಪ್ಪದ ಮಗ್ಗುಲಾಗೆ.’

ರೊಪ್ಪ ಎಂದರೆ ರಾತ್ರಿ ಕುರಿ ಕೂಡುವ ಮುಳ್ಳುಬೇಲಿಯ ಅಂಗಳ. ನನಗೆ ಎಲ್ಲ ಅರ್ಥವಾಯಿತು ಅನ್ನಿಸಿತು. ‘ಹಾಗಾದರೆ ಇದು ಬಾವಿಯ ನೀರಲ್ಲ, ರೊಪ್ಪದ ಕೊಳೆ ಸೇರಿದೆ. ನಾಲ್ಕು ಕೊಡ ಸೇದಿ ಆಚೆ ಚೆಲ್ಲಿ. ಐದನೇ ಕೊಡದ ನೀರು ತುಂಬಿಕೊಂಡು ಬನ್ನಿ. ಆಗ ಬಾವಿಯ ನಿಜವಾದ ಗುಣ ತಿಳಿಯುತ್ತೆ.’

ಜುಂಜಣ್ಣ ತಲೆ ಕೆರೆದುಕೊಂಡ. ‘ನಾವು ಬಳಸಾದು ಮೊದಲ್ನೇ ಕೊಡಾನೂ ಸೇರ್ಸಿ ಅಲ್ವೇನ್ರಿ ಸಾರ್?’

ನಾನು ನಕ್ಕೆ. ನಕ್ಕದ್ದರ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ. ರಿಜಿಸ್ಟರಿನಲ್ಲಿ ಅವನ ಹೆಸರು, ಊರು, ನೀರಿನ ಮೂಲ ಬರೆದುಕೊಂಡು ಕಳಿಸಿಬಿಟ್ಟೆ. ಹೋಗುವಾಗ ಬಾಗಿಲಲ್ಲಿ ನಿಂತು ಇನ್ನೇನೋ ಕೇಳಿದ. ‘ಕಾಯಿಸಿ ಕೊಟ್ಟರೆ ಆಗುತ್ತಾ’ ಎಂದು ಕೇಳಿದನೋ, ಹಾಗೆ ಕೇಳಿದ್ದು ಆ ವಾರ ಬಂದ ಬೇರೆ ಯಾರೋ, ಹೇಳಲಾರೆ. ಯಾರು ಕೇಳಿದರೂ ನಾನು ಹೇಳುತ್ತಿದ್ದ ಉತ್ತರ ಒಂದೇ ಇತ್ತು: ‘ಕಾಯಿಸಿದರೆ ಒಳ್ಳೆಯದೇ.’ ರೋಗಾಣುವಿಗೆ ಅದು ಸರಿ. ನೈಟ್ರೇಟ್ ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ಗಟ್ಟಿಯಾಗುತ್ತದೆ.

ಜುಂಜಣ್ಣ ಮತ್ತೆ ಬರಲಿಲ್ಲ. ಬರಲಿಲ್ಲ ಎಂಬುದನ್ನೂ ನಾನು ಗಮನಿಸಲಿಲ್ಲ. ಆ ದಿನಗಳಲ್ಲಿ ಹನ್ನೊಂದು ನೀಹಾರಿಕೆಗಳನ್ನು ಕೈಬಿಟ್ಟದ್ದು ಸರಿ ಎಂದು ಸಾಧಿಸುವ ಎಂಟು ಪುಟ ಬರೆಯುತ್ತಿದ್ದೆ.

ಶ್ರಾವಣದಲ್ಲಿ ಒಂದು ಮಧ್ಯಾಹ್ನ ನಾಗರತ್ನಕ್ಕ ನಲ್ಲಿಯ ಕೆಳಗೆ ಬಾಟಲಿ ತೊಳೆಯುತ್ತ, ತಿರುಗಿ ನೋಡದೆ ಹೇಳಿದರು. ‘ಆ ಹಟ್ಟಿ ಜುಂಜಣ್ಣ ಇಲ್ವಾ ಸಾರ್. ಅವನ ಮೊಮ್ಮಗಳು ಹೋತಂತೆ. ಎರಡು ತಿಂಗಳು ತುಂಬಿರ್ಲಿಲ್ಲ.’

‘ಏನಾಗಿತ್ತಂತೆ?’

‘ಯಾರಿಗ್ ಗೊತ್ತು. ತಾಯಿಗೆ ಜ್ವರ ಅಂತ ದುರ್ಗದ ಆಸ್ಪತ್ರೇಲಿ ಮಲಗಿಸಿದ್ರಂತೆ. ಕೂಸಿಗೆ ಅಜ್ಜಿ ಪುಡಿ ಹಾಲು ಕಲಸಿ ಕುಡಿಸ್ತಿತ್ತಂತೆ. ತುಟಿ, ಉಗುರು ಎಲ್ಲ ನೀಲಿ ಆಗಿತ್ತಂತೆ. ಗಾಳಿ ಸೋಕಿದ್ದು ಅಂತಾರೆ.’

ತುಟಿ ನೀಲಿಯಾದ ಮಾತನ್ನು ಅವರು ಹೇಳಿದರು ಎಂದು ಬರೆದಿದ್ದೇನೆ. ನೈಟ್ರೇಟ್ ಹೆಚ್ಚಾದರೆ ಹಸುಗೂಸುಗಳ ರಕ್ತ ಆಮ್ಲಜನಕವನ್ನು ಹೊರಲಾರದೆ ಮೈ ನೀಲಿಯಾಗುತ್ತದೆ ಎಂದು ನಾನು ಆಮೇಲೆ ಎಷ್ಟೋ ಕಡೆ ಓದಿದೆ. ಓದಿದ್ದು ಹಿಂದಕ್ಕೆ ಹೋಗಿ ಅವರ ಮಾತಿನಲ್ಲಿ ಸೇರಿಕೊಂಡಿರಬಹುದು. ಆ ಕೂಸಿನ ರಕ್ತವನ್ನು ಯಾರೂ ಪರೀಕ್ಷೆ ಮಾಡಲಿಲ್ಲ. ಹುಟ್ಟುವಾಗಲೇ ಹೃದಯದಲ್ಲಿ ತೊಂದರೆ ಇದ್ದರೂ ಮೈ ನೀಲಿಯಾಗುತ್ತದೆ. ಕಾರಣ ಇದೇ ಎಂದು ನಾನು ಪ್ರಮಾಣ ಮಾಡಲಾರೆ, ಅಲ್ಲ ಎಂದೂ ಪ್ರಮಾಣ ಮಾಡಲಾರೆ.

ಮರುದಿನ ನಾವಿಬ್ಬರೂ ಹರಿಯಬ್ಬೆಯವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಆಟೊ ಹಿಡಿದೆವು. ಹಟ್ಟಿಯಲ್ಲಿ ಇಪ್ಪತ್ತೋ ಮೂವತ್ತೋ ಮನೆ. ಜುಂಜಣ್ಣ ರೊಪ್ಪದ ಬೇಲಿಗೆ ಮುಳ್ಳು ಹೆಣೆಯುತ್ತಿದ್ದ. ನಮ್ಮನ್ನು ನೋಡಿ ಕೈ ಒರೆಸಿಕೊಂಡು, ‘ಬರ್ರಿ ಸಾರ್, ಕುಂತ್ಕಳ್ರಿ’ ಎಂದು ಕಂಬಳಿ ಹಾಸಿದ. ನಾನು ಕೂರದೆ ರೊಪ್ಪವನ್ನು ನೋಡುತ್ತಿದ್ದೆ. ಹಿಕ್ಕೆಯನ್ನು ಅವರು ದಿನಾ ಗುಡಿಸುವುದಿಲ್ಲ. ದೀಪಾವಳಿ ಕಳೆದ ಮೇಲೆ ತೋಟದವರು ಟ್ರ್ಯಾಕ್ಟರ್ ತಂದು ತುಂಬಿಕೊಂಡು ಹೋಗುವವರೆಗೆ ವರ್ಷವಿಡೀ ಅಲ್ಲೇ ಮಾಗಬೇಕು. ತಾತನ ಕಾಲದಿಂದ ಹಾಗೇ. ಕಾಲಿಟ್ಟರೆ ಹಾಸಿಗೆಯಂತೆ ಮೆತ್ತಗೆ ಕುಸಿಯುತ್ತಿತ್ತು. ಕುರಿಗೆ ನೀರು ಹತ್ತಿರವಾಗಲಿ ಎಂದು ಬಾವಿಯನ್ನು ಅದರ ಕೆಳಗಿನ ಇಳಿಜಾರಿನಲ್ಲಿ ತೋಡಿಸಿದ್ದರು. ಎಷ್ಟೋ ವರ್ಷಗಳ ಮಳೆ ಆ ಹಾಸಿಗೆಯನ್ನು ಸೋಸಿಕೊಂಡು ನೆಲದೊಳಗೆ ಇಳಿದು ಆ ಬಾವಿಗೆ ಬಂದಿತ್ತು. ಐದನೇ ಕೊಡ ಇರಲಿ, ಐನೂರನೇ ಕೊಡದಲ್ಲೂ ಅದೇ ನೀರು. ರೊಪ್ಪವನ್ನು ಕಳೆದರೆ ಉಳಿಯುವ ನಿಜವಾದ ಬಾವಿ ಎಂಬುದು ಅಲ್ಲಿ ಇರಲೇ ಇಲ್ಲ.

‘ನೀವು ಮತ್ತೆ ನೀರು ತರಲೇ ಇಲ್ಲವಲ್ಲ ಜುಂಜಣ್ಣ’ ಎಂದೆ. ಆ ಹೊತ್ತಿನಲ್ಲಿ ನನ್ನ ಬಾಯಿಂದ ಬಂದದ್ದು ಇಷ್ಟು.

‘ಯಾಕ್ ತರಾದು ಸಾರ್? ನೀವು ಹೇಳಿದ್ರಲ್ಲ, ನಾಕು ಕೊಡ ಚೆಲ್ಲಿ ಐದನೇದು ತಗಳ್ರಿ ಅಂತ. ದಿನಾ ಹಂಗೇ ಮಾಡಿದ್ವಿ. ಇವಳು ಮುಂಜಾನೆ ಎದ್ದು ನಾಕು ಕೊಡ ಕಲ್ಲಿನ ಮ್ಯಾಲೆ ಚೆಲ್ಲಿ, ಐದನೇದ್ರಾಗೆ ಕೂಸಿಗೆ ಹಾಲು ಕಲಸ್ತಿದ್ಲು.’

ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಸೆರಗನ್ನು ಬಾಯಿಂದ ತೆಗೆದಳು. ‘ಸುಮ್ಕೆ ಕಲಸಿಲ್ಲಪ್ಪ. ಮುಕ್ಕಾಲು ತಂಬಿಗೆ ಅರ್ಧ ಆಗಾ ಗಂಟ ಕುದಿಸಿ ಕಲಸ್ತಿದ್ದೆ. ನಂದೇನ್ ತಪ್ಪು ಹೇಳು.’

ನೀರು ಹಿಡಿಯುವ ಕ್ರಮವನ್ನು ಅವರು ನೀರು ಶುದ್ಧ ಮಾಡುವ ಕ್ರಮ ಎಂದು ತಿಳಿದಿದ್ದರು. ಹಾಗೆ ತಿಳಿಯದೆ ಇನ್ನೇನು ತಿಳಿಯಬೇಕಿತ್ತು? ಮೊದಲ ನಾಲ್ಕು ಕೊಡದಲ್ಲಿ ಕೊಳೆ, ಐದರಲ್ಲಿ ನಿಜ ಎಂದು ಹೇಳಿದವನು ನಾನು. ನಾಗರತ್ನಕ್ಕ ಮುಂದೆ ಹೋಗಿ ಆಕೆಯ ಕೈ ಹಿಡಿದು, ‘ನಿಂದೇನ್ ತಪ್ಪಿಲ್ಲ ಕಣಕ್ಕ’ ಎಂದರು. ಯಾರ ತಪ್ಪು ಎಂದು ಹೇಳಲಿಲ್ಲ. ನಾನೂ ಹೇಳಲಿಲ್ಲ. ಒಳಗಿನಿಂದ ಮಂಜುಳ ಹೊರಗೆ ಬರಲಿಲ್ಲ, ಅವಳ ಕಾಲುಗಳಷ್ಟೇ ಬಾಗಿಲ ಸಂದಿಯಲ್ಲಿ ಕಾಣುತ್ತಿದ್ದವು.

‘ಈ ಬಾವಿ ನೀರನ್ನ ಇನ್ನು ಮೇಲೆ ಯಾವ ಮಗುವಿಗೂ ಕೊಡಬೇಡಿ’ ಎಂದೆ.

ಜುಂಜಣ್ಣ ಬೇಲಿಯ ಮುಳ್ಳೊಂದನ್ನು ಒಳಕ್ಕೆ ಸಿಕ್ಕಿಸಿದ. ‘ಆಯ್ತು ಸಾರ್. ಬೋರಿಂದೂ ಬ್ಯಾಡ ಅಂದ್ರಿ, ಬಾವಿದೂ ಬ್ಯಾಡ ಅಂತೀರಿ. ಈಗೇನ್, ಕೊಡಾಕೆ ಕೂಸೂ ಇಲ್ಲ’ ಎಂದ. ಅವನು ಬೈದಿದ್ದರೆ ನಾನು ಏನಾದರೂ ಒಪ್ಪಿಕೊಳ್ಳುತ್ತಿದ್ದೆನೋ ಏನೋ. ಚಹಾ ಮಾಡಿಸಿ ಕೊಟ್ಟ. ಅದು ಯಾವ ನೀರಿನ ಚಹಾ ಎಂದು ಕೇಳದೆ ಕುಡಿದು ಬಂದೆ.

ಬರೆದ ಎಂಟು ಪುಟಗಳನ್ನು ಅಳಿಸಿದೆ. ಹನ್ನೊಂದು ನೀಹಾರಿಕೆಗಳನ್ನೂ ಪಟ್ಟಿಗೆ ವಾಪಸ್ ಸೇರಿಸಿದೆ. ಮೊದಲು ಪ್ರತಿಯೊಂದರಲ್ಲೂ ಈಗ ಏನಿದೆ ಎಂದು ಹೇಳಿ, ಅದರಲ್ಲಿ ಹುಟ್ಟಿನದು ಎಷ್ಟು, ಸೇರಿದ್ದು ಎಷ್ಟು ಎಂಬ ಪ್ರಶ್ನೆಯನ್ನು ಆಮೇಲೆ ಎತ್ತಿಕೊಂಡೆ. ಅಂಥ ನಕ್ಷತ್ರಗಳು ಆರ್ಗಾನ್ ತಯಾರಿಸುವುದಿಲ್ಲ, ಹುಟ್ಟುವಾಗ ಎಷ್ಟಿತ್ತೋ ಅಷ್ಟೇ ಉಳಿದಿರುತ್ತದೆ. ಅದರ ಜೊತೆ ಹೋಲಿಸಿದಾಗ ನನ್ನ ನೀಹಾರಿಕೆಗಳ ಆಮ್ಲಜನಕದಲ್ಲೂ ನಕ್ಷತ್ರಗಳೇ ಸೇರಿಸಿದ ಪಾಲು ಇತ್ತು. ಗ್ರಾಫಿನ ನೆಟ್ಟಗಿನ ಗೆರೆ ಹೋಯಿತು. ಪರೀಕ್ಷಕರು ಒಪ್ಪಿದರು, ‘ಪ್ರಾಮಾಣಿಕವಾದ ತಿದ್ದುಪಡಿ’ ಎಂದು ಹೊಗಳಿಯೂ ಬರೆದರು. ರಾಮಗಿರಿಯ ಸ್ಟೇಷನ್ನಿನಲ್ಲಿ ಈಗ ನನ್ನನ್ನು ಡಾಕ್ಟ್ರೇ ಎಂದೇ ಕರೆಯುತ್ತಾರೆ.

ಕಳೆದ ಮುಂಗಾರಿನ ಆ ದಿನ ಬಸ್ಸು ರಿಪೇರಿಯಾಗಿ ಹಿರಿಯೂರು ತಲುಪಿದಾಗ ಒಕ್ಕಲಿನ ಊಟದ ಹೊತ್ತಾಗಿತ್ತು. ನಾನು ಆ ಕಡೆ ಹೋಗದೆ ಗೊಬ್ಬರದ ಅಂಗಡಿಯ ಮಹಡಿ ಹತ್ತಿದೆ. ಈಗ ಪ್ರಯೋಗಾಲಯವನ್ನು ನೋಡಿಕೊಳ್ಳುತ್ತಿರುವವರು ನಾಗರತ್ನಕ್ಕನೇ. ಕನ್ನಡಕ ಬಂದಿದೆ.

‘ಏನ್ ಡಾಕ್ಟ್ರೇ, ದಾರಿ ತಪ್ಪಿ ಬಂದ್ರಾ?’

ಆ ವರ್ಷದ ರಿಜಿಸ್ಟರ್ ನೋಡಬೇಕು ಎಂದೆ.

‘ಬಿಡ್ರಿ ಸಾರ್, ಮುಗದದ್ದು. ಕೂಸಿಗೆ ಕೊಡಬ್ಯಾಡ್ರಿ ಅಂತ ನೀವು ಅವನು ನೀರು ತಂದವತ್ತೇ ಹೇಳಿದ್ರಿ. ನಾನು ಈ ಕಿವೀಲಿ ಕೇಳಿಸ್ಕಂಡಿದೀನಿ.’

ಅವರು ಒಳ್ಳೆಯವರು. ನನಗಾಗಿ ಹೀಗೆ ಹೇಳುತ್ತಿದ್ದಾರೋ, ವರ್ಷಗಳು ಕಳೆದು ಅವರಿಗೂ ಹಾಗೇ ಕೇಳಿಸತೊಡಗಿದೆಯೋ ತಿಳಿಯಲಿಲ್ಲ. ಹಾಗೆ ಹೇಳಿದ್ದು ನನಗೆ ನೆನಪಿಲ್ಲ ಎಂದೆ. ಕುರಿಗೆ ಎಂದು ಕೇಳಿದ್ದಕ್ಕೆ ಕುರಿಯ ಉತ್ತರ ಕೊಟ್ಟದ್ದಷ್ಟೇ ನೆನಪು ಎಂದೆ. ಅವರು ಬೀರುವಿನ ಕೆಳಗಿನ ಅರೆಯಿಂದ ದಪ್ಪ ರಿಜಿಸ್ಟರ್ ಎಳೆದು, ದೂಳು ಒರೆಸಿ ಮುಂದಿಟ್ಟು ಚಹಾ ತರುವ ನೆಪದಲ್ಲಿ ಕೆಳಗೆ ಹೋದರು.

ಆ ಸಾಲು ಸಿಕ್ಕಿತು. ಬೇರೆಯವರು ಬರೆದಿರಬಹುದೇ ಎಂದು ಹಿಂದಿನ ಮುಂದಿನ ಪುಟಗಳ ಅಕ್ಷರಗಳನ್ನು ಹೋಲಿಸಿ ನೋಡಿದೆ. ನನ್ನವೇ. ಹೆಸರು, ಜುಂಜಣ್ಣ. ಮೂಲ, ತೆರೆದ ಬಾವಿ. ನೈಟ್ರೇಟ್ ಇರಬೇಕಾದ ಕಾಲಮಿನಲ್ಲಿ ಅಂಕಿ ಇಲ್ಲ, ‘ಮತ್ತೆ ತರಬೇಕು’ ಎಂದಿದೆ. ಅದರ ಪಕ್ಕ, ನೀರು ತಂದವರನ್ನು ಕೇಳಿ ತುಂಬಿಸಬೇಕಾದ ‘ಬಳಕೆ’ ಎಂಬ ಕಾಲಮಿನಲ್ಲಿ, ಅವಸರವಿಲ್ಲದ ಅಕ್ಷರದಲ್ಲಿ ನಾನು ಬರೆದದ್ದು ಹೀಗಿದೆ: ಕುಡಿಯಲು, ಹಸುಗೂಸಿಗೆ.